ಉದ್ಯಾನ ಕೆರೆಗಳಲ್ಲಿ ಮೀನು ಮತ್ತು ಪಕ್ಷಿಗಳ ಸಾವು: ಕಾರಣಗಳು ಹಾಗೂ ದೂರು ಸಲ್ಲಿಸುವ ಕ್ರಮ

ವಿಜಯಪುರ ನಗರ ಹಾಗೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಕೆರೆಯ ದಡದಲ್ಲಿ ಮೀನುಗಳು ರಾಶಿಯಾಗಿ ಸತ್ತು ತೇಲುತ್ತಿರುವುದು ಕಂಡುಬಂದಾಗ, ಯಾರೋ ನೀರಿಗೆ ವಿಷ ಬೆರೆಸಿದ್ದಾರೆ ಎಂಬ ಸಂಶಯವೇ ಜನರಲ್ಲಿ ಮೊದಲು ಮೂಡುತ್ತದೆ. ಕೆಲವು ಪ್ರಕರಣಗಳಲ್ಲಿ ಈ ಸಂಶಯವು ನಿಜವೂ ಆಗಿರುತ್ತದೆ. ಆದರೆ ನಗರದ ಉದ್ಯಾನಗಳ ಕೆರೆಗಳಲ್ಲಿ ಮೀನುಗಳು ಸಾಮೂಹಿಕವಾಗಿ ಸಾಯುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ವಿಷವಲ್ಲ, ನೀರಿನಲ್ಲಿ ಆಮ್ಲಜನಕವು ಮುಗಿದುಹೋಗುವುದು. ಈ ಎರಡು ಕಾರಣಗಳನ್ನು ಬೇರ್ಪಡಿಸಿ ಗುರುತಿಸುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಸಾಧ್ಯ. ಮಧ್ಯಾಹ್ನದ ವೇಳೆಗೆ ಸಾಕ್ಷ್ಯವು ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಆದುದರಿಂದ ಮುಂಜಾನೆ ಕೆರೆಯ ದಡದಲ್ಲಿ ನಡೆದಾಡುವ ನಾಗರಿಕರು ಏನನ್ನು ಗಮನಿಸಬೇಕು, ಏನನ್ನು ಮುಟ್ಟಬಾರದು ಮತ್ತು ಯಾರಿಗೆ ತಿಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಲಸೂರು ಕೆರೆಯ ಪ್ರಕರಣ

2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಒಮ್ಮೆಲೇ ಸತ್ತು ದಡಕ್ಕೆ ಬಂದು ಬಿದ್ದವು. ಇದು ನಗರದ ನಡುವೆ, ದೋಣಿವಿಹಾರ ಮತ್ತು ವಾಯುವಿಹಾರಕ್ಕೆ ಹೆಸರಾದ ಕೆರೆ. ಕೊಳಚೆ ನೀರು ಸೇರಿ, ಬೇಸಿಗೆಯ ಬಿಸಿಲಿಗೆ ಕಾದು, ನೀರಿನಲ್ಲಿ ಕರಗಿರುವ ಆಮ್ಲಜನಕವು ಕುಸಿದದ್ದು ಇದಕ್ಕೆ ಕಾರಣವೆಂದು ಕಂಡುಬಂದಿತು. ರಾಜ್ಯದ ಇತರ ನಗರಗಳ ಕೆರೆಗಳಿಗೂ ಇದೇ ಅಪಾಯವಿದೆ. ಮಳೆ ಕಡಿಮೆಯಿರುವ ವಿಜಯಪುರ ಜಿಲ್ಲೆಯಲ್ಲಿ ಮಾರ್ಚ್‌ನಿಂದ ಮೇ ವರೆಗೆ ಕೆರೆಗಳ ನೀರು ಇಳಿದು, ಉಳಿದ ನೀರಿನಲ್ಲಿ ಕಲ್ಮಶದ ಪ್ರಮಾಣವು ಏರುವುದರಿಂದ ಅಪಾಯವು ಇನ್ನೂ ಹೆಚ್ಚು.

ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಶುದ್ಧ ನೀರಿನಲ್ಲಿ ಪ್ರತಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 35 ಡಿಗ್ರಿಯಲ್ಲಿ ಇದು ಸುಮಾರು 7ಕ್ಕೆ ಇಳಿಯುತ್ತದೆ. ಇದು ಸ್ವಚ್ಛ ನೀರಿನ ಲೆಕ್ಕ. ಕೆರೆಗೆ ಕೊಳಚೆ ನೀರು ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನೇ ಬಳಸುತ್ತವೆ. ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕದಿಂದ ಪಾಚಿಯು ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಪಾಚಿಯು ಆಮ್ಲಜನಕವನ್ನು ಹೊರಬಿಡುವುದರಿಂದ ಸಂಜೆಯ ವೇಳೆಗೆ ಕೆರೆಯ ನೀರನ್ನು ಪರೀಕ್ಷಿಸಿದರೆ ಫಲಿತಾಂಶ ಉತ್ತಮವಾಗಿಯೇ ಕಾಣಬಹುದು. ರಾತ್ರಿಯಿಡೀ ಅದೇ ಪಾಚಿಯು ಉಸಿರಾಡಿ ಆಮ್ಲಜನಕವನ್ನು ಹಿಂತೆಗೆದುಕೊಳ್ಳುತ್ತದೆ. ಸೂರ್ಯೋದಯಕ್ಕೆ ಮುಂಚಿನ ಒಂದೆರಡು ಗಂಟೆಗಳಲ್ಲಿ ಈ ಪ್ರಮಾಣವು ಅತಿ ಕೆಳಮಟ್ಟದಲ್ಲಿರುತ್ತದೆ. ಮೀನುಗಳು ಸಾಯುವುದು ಆಗಲೇ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಿಬ್ಬಂದಿ ಬಂದು ಪರೀಕ್ಷಿಸುವಾಗ ಬಿಸಿಲೇರಿ, ಪಾಚಿಯು ಮತ್ತೆ ಆಮ್ಲಜನಕ ತುಂಬಿಸಿರುತ್ತದೆ. ನೀರು ಸರಿಯಾಗಿದೆ ಎಂಬ ವರದಿಗೂ ಕಣ್ಣೆದುರಿಗಿರುವ ಸತ್ತ ಮೀನುಗಳಿಗೂ ಹೊಂದಾಣಿಕೆಯಾಗದೆ ಸಾರ್ವಜನಿಕರಲ್ಲಿ ಅಪನಂಬಿಕೆ ಹುಟ್ಟುವುದು ಬಹುಮಟ್ಟಿಗೆ ಈ ಕಾರಣದಿಂದಲೇ.

ಮಧ್ಯಾಹ್ನದಲ್ಲಿ ಅಪಾಯವು ಬೇರೆ ರೂಪದಲ್ಲಿ ಬರುತ್ತದೆ. ಪಾಚಿಯ ಚಟುವಟಿಕೆಯಿಂದ ನೀರಿನ ಪಿಎಚ್ ಮೌಲ್ಯವು ಹಗಲಿನಲ್ಲಿ ಏರುತ್ತದೆ. ಕೊಳಚೆಯಿಂದ ಬಂದ ಅಮೋನಿಯಾದಲ್ಲಿ ಪಿಎಚ್ 7 ಇರುವಾಗ ಶೇಕಡ ಒಂದಕ್ಕಿಂತ ಕಡಿಮೆ ಭಾಗ ಮಾತ್ರ ಮೀನಿಗೆ ವಿಷಕಾರಿಯಾದ ಮುಕ್ತ ರೂಪದಲ್ಲಿರುತ್ತದೆ. ಪಿಎಚ್ 9ಕ್ಕೆ ಏರಿದರೆ ಸುಮಾರು ಮೂರನೆಯ ಒಂದು ಭಾಗ ಆ ರೂಪವನ್ನು ತಾಳುತ್ತದೆ. ಹೊಸದಾಗಿ ಏನೂ ಸೇರದಿದ್ದರೂ ಇದ್ದ ಕೊಳಚೆಯೇ ಮಧ್ಯಾಹ್ನಕ್ಕೆ ವಿಷವಾಗಬಲ್ಲದು.

ವನ್ಯಜೀವಿಗಳಿಗೆ ಎಂತಹ ನೀರು ಬೇಕು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಜಲಮೂಲಗಳನ್ನು ಅವುಗಳ ಉತ್ತಮ ಬಳಕೆಯ ಆಧಾರದ ಮೇಲೆ ಎ ಯಿಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಇವುಗಳ ಪೈಕಿ ಡಿ ವರ್ಗವು ವನ್ಯಜೀವಿಗಳ ಸಂವರ್ಧನೆ ಹಾಗೂ ಮೀನುಗಾರಿಕೆಗೆ ಸಂಬಂಧಿಸಿದ್ದು, ಈ ವರ್ಗದ ನೀರಿನಲ್ಲಿ ಕರಗಿರುವ ಆಮ್ಲಜನಕವು ಪ್ರತಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಪಿಎಚ್ 6.5ರಿಂದ 8.5 ಮತ್ತು ಮುಕ್ತ ಅಮೋನಿಯಾ (ಸಾರಜನಕದ ಲೆಕ್ಕದಲ್ಲಿ) 1.2 ಮಿಲಿಗ್ರಾಂ ಮೀರದಂತೆ ಇರತಕ್ಕದ್ದು. ಇ ವರ್ಗವು ನೀರಾವರಿ, ಕೈಗಾರಿಕೆಯ ಶೀತಲೀಕರಣ ಮುಂತಾದ ಬಳಕೆಗಳಿಗೆ ಉದ್ದೇಶಿತವಾಗಿದೆ. ಕೆರೆಯ ನೀರು ಇ ವರ್ಗದಲ್ಲಿದೆ ಎಂದು ವರದಿಯಾದಾಗ ಅದು ಹೊಲಕ್ಕೆ ಯೋಗ್ಯವೆಂದು ಕೆಲವರು ಸಮಾಧಾನಪಡುವುದುಂಟು. ಆ ಕೆರೆಯು ಮೀನು ಮತ್ತು ಪಕ್ಷಿಗಳಿಗೆ ನಿಗದಿಪಡಿಸಿದ ಮಟ್ಟಕ್ಕಿಂತ ಕೆಳಗಿಳಿದಿದೆ ಎಂಬುದು ಅದರ ಸರಿಯಾದ ಅರ್ಥ.

ದಡದಿಂದಲೇ ಗುರುತಿಸಬಹುದಾದ ಲಕ್ಷಣಗಳು

ಆಮ್ಲಜನಕದ ಕೊರತೆಯಾದಾಗ ಮೀನುಗಳು ಮುಂಜಾನೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಉಸಿರಿಗಾಗಿ ಹವಣಿಸುತ್ತವೆ. ಸಾಮಾನ್ಯವಾಗಿ ಕಾಟ್ಲಾದಂತಹ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಗಾಳಿಯಿಂದಲೂ ಉಸಿರಾಡಬಲ್ಲ ಕೊರವ ಮತ್ತು ಕ್ಯಾಟ್‌ಫಿಶ್ ಜಾತಿಯ ಮೀನುಗಳು ಬದುಕಿ ಉಳಿಯುತ್ತವೆ. ವಿಷಪದಾರ್ಥ ಸೇರಿದ್ದರೆ ಚಿತ್ರವು ಬೇರೆಯಾಗಿರುತ್ತದೆ: ದಿನದ ಯಾವುದೇ ವೇಳೆಯಲ್ಲಿ, ಎಲ್ಲ ಗಾತ್ರದ ಮೀನುಗಳು, ಹಲವು ಬಾರಿ ಮರಿಗಳೇ ಮೊದಲು ಸಾಯುತ್ತವೆ. ಕಪ್ಪೆ ಹಾಗೂ ಜಲಕೀಟಗಳೂ ಸಾಯಬಹುದು. ಈ ಲಕ್ಷಣಗಳು ಅಂತಿಮ ತೀರ್ಮಾನವಲ್ಲ. ಆದರೂ ಅವನ್ನು ವೇಳೆಯೊಂದಿಗೆ ದೂರಿನಲ್ಲಿ ನಮೂದಿಸಿದಲ್ಲಿ ತನಿಖೆಯ ದಿಕ್ಕು ಬೇಗ ನಿರ್ಧಾರವಾಗುತ್ತದೆ.

ದ್ರಾಕ್ಷಿ ಬೆಳೆಯುವ ತಿಕೋಟಾ ಹಾಗೂ ಬಬಲೇಶ್ವರ ಭಾಗದಲ್ಲಿ ಇನ್ನೊಂದು ಕಾರಣವನ್ನೂ ಗಮನದಲ್ಲಿಡುವುದು ಅವಶ್ಯಕ. ಅಕ್ಟೋಬರ್ ಚಾಟನಿಯ ನಂತರ ತೋಟಗಳಿಗೆ ಔಷಧ ಸಿಂಪರಣೆ ಹೆಚ್ಚುತ್ತದೆ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರವು ಮನುಷ್ಯರಿಗೆ ಹಾನಿ ಮಾಡದಷ್ಟು ಅಲ್ಪ ಪ್ರಮಾಣದಲ್ಲಿಯೂ ಮೀನುಗಳಿಗೆ ಮಾರಕವಾಗಬಲ್ಲದು. ಸಿಂಪರಣೆ ಮಾಡಿದ ಪಂಪು, ಡ್ರಮ್ಮುಗಳನ್ನು ಕೆರೆ, ಹಳ್ಳ ಅಥವಾ ಕೃಷಿಹೊಂಡದಲ್ಲಿ ತೊಳೆಯಬಾರದು. ತೊಳೆದ ನೀರನ್ನು ತೋಟದ ಸಾಲಿಗೇ ಹಾಕುವುದು ಸೂಕ್ತ.

ಪಕ್ಷಿಗಳ ಸಾವು

ಪಕ್ಷಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಹೆಚ್ಚು ಪಕ್ಷಿಗಳು ಸತ್ತವು. ಅದರ ಕಾರಣ ಬಾಟುಲಿಸಂ ಎಂದು ದೃಢಪಟ್ಟಿತು. ಗಾಳಿಯಾಡದ, ಬೆಚ್ಚಗಿನ ಕೆಸರಿನಲ್ಲಿ ಹಾಗೂ ಕೊಳೆಯುತ್ತಿರುವ ಕಳೇಬರಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಪ್ರಬಲವಾದ ವಿಷವನ್ನು ಉತ್ಪತ್ತಿ ಮಾಡುತ್ತದೆ. ಆ ವಿಷದಿಂದ ಪಕ್ಷಿಯ ರೆಕ್ಕೆ, ಕಾಲುಗಳು ಸೋತು, ಕುತ್ತಿಗೆ ಜೋಲುಬಿದ್ದು, ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯಲಾರದೆ ಅದು ಮುಳುಗಿ ಸಾಯುತ್ತದೆ. ಸತ್ತ ಪಕ್ಷಿಯ ಮೇಲೆ ಬೆಳೆಯುವ ಹುಳುಗಳಿಗೆ ಈ ವಿಷದಿಂದ ತೊಂದರೆಯಾಗುವುದಿಲ್ಲ. ಅವುಗಳ ದೇಹದಲ್ಲಿ ವಿಷವು ಸಂಗ್ರಹವಾಗುತ್ತದೆ. ಆ ಹುಳುಗಳನ್ನು ತಿಂದ ಪಕ್ಷಿ ಸಾಯುತ್ತದೆ, ಅದರ ಮೇಲೆ ಮತ್ತೆ ಹುಳುಗಳು ಬೆಳೆಯುತ್ತವೆ. ಹೀಗೆ ಒಂದು ಕಳೇಬರದಿಂದ ಹತ್ತಾರು ಸಾವುಗಳು ಸಂಭವಿಸುತ್ತವೆ. ಸಿಬ್ಬಂದಿಯು ಸತ್ತ ಪಕ್ಷಿ ಹಾಗೂ ಮೀನುಗಳನ್ನು ದಿನವೂ ಹುಡುಕಿ ತೆಗೆಯುವುದು ಸ್ವಚ್ಛತೆಗಾಗಿ ಮಾತ್ರವಲ್ಲ, ಈ ಸರಪಳಿಯನ್ನು ಕಡಿಯಲು ಅದೇ ಮುಖ್ಯ ಉಪಾಯವಾಗಿದೆ.

ಹಕ್ಕಿಜ್ವರದ ಸಾಧ್ಯತೆಯನ್ನೂ ಮರೆಯುವಂತಿಲ್ಲ. 2017ರ ಜನವರಿಯಲ್ಲಿ ಎಚ್5ಎನ್8 ಮಾದರಿಯ ಸೋಂಕಿನ ಕಾರಣ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ಸುಮಾರು ಒಂದು ತಿಂಗಳ ಕಾಲ ಸಾರ್ವಜನಿಕರಿಗೆ ಮುಚ್ಚಲಾಗಿತ್ತು. ಸತ್ತ ಪಕ್ಷಿಯು ಬಾಟುಲಿಸಂನಿಂದ ಸತ್ತಿತೋ ಹಕ್ಕಿಜ್ವರದಿಂದ ಸತ್ತಿತೋ ಎಂಬುದನ್ನು ನೋಡಿದ ಮಾತ್ರಕ್ಕೆ ಹೇಳಲಾಗದು. ಹಕ್ಕಿಜ್ವರದ ಮಾದರಿಗಳ ದೃಢೀಕರಣವು ಭೋಪಾಲದ ಉನ್ನತ ಭದ್ರತಾ ಪ್ರಾಣಿರೋಗ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಆದ್ದರಿಂದ ಸತ್ತ ಅಥವಾ ನರಳುತ್ತಿರುವ ಪಕ್ಷಿಗಳನ್ನು ಬರಿಗೈಯಿಂದ ಮುಟ್ಟಬಾರದು. ಮಕ್ಕಳು ಹಾಗೂ ನಾಯಿಗಳನ್ನು ದೂರವಿಡಬೇಕು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕಾರ ಸತ್ತಿರುವ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಅದನ್ನು ಪಡೆದವರು 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು.

ಸದುದ್ದೇಶದಿಂದ ಆಗುವ ಹಾನಿ

ನೀರು ವಾಸನೆ ಬರುತ್ತಿದೆ ಎಂದು ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿಯುವುದು ಕುಡಿಯುವ ನೀರಿನ ಬಾವಿಯ ಅಭ್ಯಾಸವನ್ನು ಕೆರೆಗೆ ತಂದಂತೆ. ಅದರ ಕ್ಲೋರಿನ್ ಮೀನಿನ ಕಿವಿರುಗಳನ್ನು ನೇರವಾಗಿ ಸುಡುತ್ತದೆ. ಜಲಕಳೆಗೆ ಕಳೆನಾಶಕ ಸಿಂಪಡಿಸಿದರೆ ಕಳೆಯು ಒಮ್ಮೆಲೇ ಸತ್ತು ಕೊಳೆಯುವಾಗ ಆಮ್ಲಜನಕವು ಮುಗಿದು ಮೀನುಗಳೂ ಸಾಯಬಹುದು. ಕಳೆಯನ್ನು ಕಿತ್ತು ದಡದಿಂದ ದೂರ ಸಾಗಿಸುವುದೇ ಸರಿ. ಪುಣ್ಯದ ಕಾರ್ಯವೆಂದು ಮೀನು ಮತ್ತು ಬಾತುಕೋಳಿಗಳಿಗೆ ಬ್ರೆಡ್ಡು, ಚುರುಮುರಿ, ಅನ್ನ ಹಾಕುವವರೂ ಬಹಳ. ತಿನ್ನದೆ ಉಳಿದ ಆಹಾರವು ತಳದಲ್ಲಿ ಕೊಳೆತು ಕೊಳಚೆಯ ಕೆಲಸವನ್ನೇ ಮಾಡುತ್ತದೆ.

ವಿಗ್ರಹ ವಿಸರ್ಜನೆಯ ಕುರಿತು ವಿಜಯಪುರದ ನಾಗರಿಕರಿಗೆ ದೂರದ ಉದಾಹರಣೆ ಬೇಕಾಗಿಲ್ಲ. 1620ರಲ್ಲಿ ನಿರ್ಮಾಣವಾದ ತಾಜ್ ಬಾವಡಿಯು ವಿಸರ್ಜಿಸಿದ ಮೂರ್ತಿಗಳು ಹಾಗೂ ಕಸದಿಂದ ತುಂಬಿ, ಅದರ ಹೂಳೆತ್ತಲು ದೊಡ್ಡ ಪ್ರಯತ್ನವೇ ಬೇಕಾಯಿತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಜಲಮೂಲಗಳಲ್ಲಿ ವಿಸರ್ಜಿಸುವುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ನಿಷೇಧಿಸಿದೆ. ಮಣ್ಣಿನ ಮೂರ್ತಿಯನ್ನು ಸಹ ಬಕೆಟ್ಟಿನಲ್ಲಿ ಅಥವಾ ನಿಗದಿತ ತಾತ್ಕಾಲಿಕ ಹೊಂಡದಲ್ಲಿ ವಿಸರ್ಜಿಸುವುದು ಒಳ್ಳೆಯದು.

ದೂರು ಸಲ್ಲಿಸುವ ಕ್ರಮ

ನಗರದ ಉದ್ಯಾನ ಕೆರೆಗಳಿಗೆ ಸಂಬಂಧಿಸಿದಂತೆ ವಿಜಯಪುರ ಮಹಾನಗರ ಪಾಲಿಕೆಗೆ, ಘೋಣಸಗಿಯಂತಹ ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಮೊದಲು ತಿಳಿಸುವುದು. ಕೊಳಚೆ ಅಥವಾ ರಾಸಾಯನಿಕ ಸೇರುತ್ತಿರುವುದು ಕಂಡುಬಂದಲ್ಲಿ ವಿಜಯಪುರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ದೂರಿನ ಪ್ರತಿಯನ್ನು ಸಲ್ಲಿಸುವುದು. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 24ನೇ ಪ್ರಕರಣವು ಜಲಮೂಲಗಳಿಗೆ ಮಲಿನಕಾರಕ ಪದಾರ್ಥಗಳನ್ನು ಬಿಡುವುದನ್ನು ನಿಷೇಧಿಸುತ್ತದೆ. ಪಕ್ಷಿಗಳು ಸತ್ತಿದ್ದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಹಾಗೂ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಯಾವ ಕಚೇರಿಗೆ ಸೇರಿದ ವಿಷಯವೆಂದು ತಿಳಿಯದಿದ್ದರೆ ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ, ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

ದೂರಿನಲ್ಲಿ ಕೆರೆಯ ಹೆಸರು, ದಡದ ಯಾವ ಭಾಗ, ಮೊದಲು ಕಂಡ ದಿನಾಂಕ ಮತ್ತು ಗಂಟೆ, ಸತ್ತ ಜೀವಿಗಳ ಬಗೆ ಹಾಗೂ ಅಂದಾಜು ಸಂಖ್ಯೆ, ನೀರಿನ ಬಣ್ಣ ಮತ್ತು ವಾಸನೆ, ಹಿಂದಿನ ದಿನ ಮಳೆಯಾಗಿತ್ತೇ ಎಂಬುದು ಇರಲಿ. ಮೊಬೈಲ್ ಛಾಯಾಚಿತ್ರವು ವೇಳೆಯನ್ನು ದಾಖಲಿಸುವುದರಿಂದ ಅದು ಉಪಯುಕ್ತ ಸಾಕ್ಷ್ಯ. ಸಾಕ್ಷ್ಯಕ್ಕೆಂದು ನೀರನ್ನು ಬಾಟಲಿಯಲ್ಲಿ ತುಂಬಿ ಕಚೇರಿಗೆ ತರುವುದರಿಂದ ಪ್ರಯೋಜನ ಕಡಿಮೆ. ಕರಗಿರುವ ಆಮ್ಲಜನಕವನ್ನು ಸ್ಥಳದಲ್ಲಿಯೇ ಅಳೆಯಬೇಕು, ಇಲ್ಲವೇ ಸ್ಥಳದಲ್ಲಿಯೇ ರಾಸಾಯನಿಕ ಬೆರೆಸಿ ಸ್ಥಿರಗೊಳಿಸಬೇಕು. ಹಾಗೆ ಮಾಡದ ಬಾಟಲಿಯ ನೀರು ಒಯ್ಯುವ ದಾರಿಯಲ್ಲಿಯೇ ಬದಲಾಗಿರುತ್ತದೆ. ಮರುದಿನ ನಸುಕಿನಲ್ಲಿ, ಸೂರ್ಯೋದಯಕ್ಕೆ ಮುನ್ನ ನೀರನ್ನು ಪರೀಕ್ಷಿಸುವಂತೆ ದೂರಿನಲ್ಲಿಯೇ ಕೋರಬಹುದು.

ತೇಲುತ್ತಿರುವ ಮೀನುಗಳನ್ನು ಸಂಗ್ರಹಿಸಿ ತಿನ್ನುವುದಾಗಲಿ ಮಾರುವುದಾಗಲಿ ಸಲ್ಲದು. ಅವು ಆಮ್ಲಜನಕದ ಕೊರತೆಯಿಂದಲೇ ಸತ್ತಿವೆ ಎಂದು ದಡದಲ್ಲಿ ನಿಂತು ಖಚಿತಪಡಿಸಲಾಗದು. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟಿದ್ದರೆ ಅಲ್ಲಿ ದನಕರುಗಳಿಗೆ ನೀರು ಕುಡಿಸಬಾರದು. ಇಂತಹ ಪಾಚಿಯ ಕೆಲವು ಜಾತಿಗಳ ವಿಷವು ಪ್ರಾಣಿಗಳನ್ನು ಕೊಲ್ಲಬಲ್ಲದು. 2020ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಸತ್ತ ಮುನ್ನೂರಕ್ಕೂ ಹೆಚ್ಚು ಆನೆಗಳ ಸಾವಿಗೆ ನೀರಿನ ಹೊಂಡಗಳಲ್ಲಿದ್ದ ಇಂತಹ ವಿಷವೇ ಕಾರಣವೆಂದು ಅಲ್ಲಿನ ಸರ್ಕಾರ ಪ್ರಕಟಿಸಿತ್ತು.

ಪರೀಕ್ಷೆಯ ಫಲಿತಾಂಶವನ್ನು ತಿಳಿಯಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ದೊರೆಯತಕ್ಕದ್ದು. ಅರ್ಜಿಯಲ್ಲಿ ಫಲಿತಾಂಶದ ಜೊತೆಗೆ ಮಾದರಿಯನ್ನು ಸಂಗ್ರಹಿಸಿದ ಗಂಟೆಯನ್ನೂ ಕೇಳುವುದು.