ಕಾಳಿಯಿಂದ ಗಂಗಾವಳಿಯವರೆಗೆ: ಪಾದಚಾರಿ ಪಾದ್ರಿಗಳ ದಾರಿ

ಗೋವೆಯ ಗಡಿಯನ್ನು ದಾಟಿ ಮಾಜಾಳಿಯ ಮಾರ್ಗವಾಗಿ ದಕ್ಷಿಣಾಭಿಮುಖನಾಗಿ ಬರುವ ದಾರಿಗನಿಗೆ ಸಹ್ಯಾದ್ರಿಯ ಕವಲುಗಳು ಸಮುದ್ರದ ಅಂಚಿನವರೆಗೂ ಚಾಚಿಕೊಂಡಿರುವುದರಿಂದ, ಕಾರವಾರ ಸೀಮೆಯಲ್ಲಿ ನಡೆಯಲು ದೊರೆಯುವ ನೆಲವೆಂದರೆ ಬೆಟ್ಟಕ್ಕೂ ಅಲೆಗೂ ನಡುವೆ ಉಳಿದ ಕಿರಿದಾದ ಪಟ್ಟಿಯಷ್ಟೆ. ಸದಾಶಿವಗಡದ ಬುಡದಲ್ಲಿ ಕಾಳಿನದಿಯು ವಿಶಾಲವಾಗಿ ಹರಡಿ ಕಡಲನ್ನು ಸೇರುತ್ತದೆ. ಅದನ್ನು ದಾಟಿದ ಮೇಲೆ ಬಿಣಗಾ, ಅರಗಾ, ಚೆಂಡಿಯಾ, ಅಮದಳ್ಳಿ, ಅವರ್ಸಾ ಎಂದು ಊರುಗಳು ಒಂದರ ಹಿಂದೊಂದು ಬಂದು, ಅಂಕೋಲೆಯಾದ ಬಳಿಕ ಗಂಗಾವಳಿಯು ಅಡ್ಡಬರುತ್ತದೆ. ಇನ್ನೂ ಮುಂದೆ ಅಘನಾಶಿನಿ, ಶರಾವತಿ. ಇಂದು ಒಂದೆರಡು ತಾಸುಗಳಲ್ಲಿ ಮುಗಿಯುವ ಈ ದಾರಿಯು ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಹೊಳೆಯ ದಂಡೆಯಲ್ಲಿಯೂ ತಾರಿಯ ದೋಣಿಗಾಗಿ ಕಾಯಿಸುತ್ತಿತ್ತು. ಮಳೆಗಾಲದಲ್ಲಂತೂ ದೋಣಿಯವನು ಹುಟ್ಟು ಹಾಕಲು ಒಪ್ಪದೆ ದಾರಿಗನು ದಿನಗಟ್ಟಲೆ ದಂಡೆಯಲ್ಲಿಯೇ ಉಳಿಯಬೇಕಾಗುತ್ತಿತ್ತು. ಈ ಸೀಮೆಯ ಕ್ರೈಸ್ತ ಧರ್ಮಸಭೆಯ ಚರಿತ್ರೆಯನ್ನು ಬರೆಯುವವನು ಇಗರ್ಜಿಗಳ ಗೋಡೆಗಳಿಂದ ಆರಂಭಿಸದೆ ಈ ಹೊಳೆಗಳಿಂದ ಆರಂಭಿಸಬೇಕೆಂದು ನನ್ನ ಮತ. ಇಲ್ಲಿ ಧರ್ಮವನ್ನು ಉಳಿಸಿದ್ದು ಕಟ್ಟಡಗಳಲ್ಲ. ನಡೆದು ಬಂದ ಪಾದಗಳು, ಮತ್ತು ಅವು ಮರಳಿ ಬರುವವರೆಗೆ ದೀಪವನ್ನು ಆರಗೊಡದೆ ಕಾದ ಮನೆಗಳು.

ಕಾರವಾರದ ಎದುರಿಗೆ ಕಡಲಿನಲ್ಲಿರುವ ಅಂಜುದೀವ್ ದ್ವೀಪಕ್ಕೆ 1498ರಲ್ಲಿ ವಾಸ್ಕೋ ಡ ಗಾಮನೂ, 1500ರಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲನ ನೌಕಾಪಡೆಯೊಡನೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳೂ ಬಂದಿಳಿದರು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನು ಅಲ್ಲಿ ಕೋಟೆಯನ್ನು ಕಟ್ಟಿಸಿದನು. ಅದು ಬಹುಕಾಲ ನಿಲ್ಲಲಿಲ್ಲ. ಪೋರ್ಚುಗೀಸರು ಹೊನ್ನಾವರದಲ್ಲಿ 1569ರಲ್ಲಿ ವಶಪಡಿಸಿಕೊಂಡ ಕೋಟೆಯನ್ನೂ 1654ರಲ್ಲಿ ಕೆಳದಿಯ ಶಿವಪ್ಪನಾಯಕನು ಅವರಿಂದ ಕಿತ್ತುಕೊಂಡನು. ಫಿರಂಗಿಗಳ ನೆರಳಿನಲ್ಲಿ ಬಂದ ಧರ್ಮವು ಫಿರಂಗಿಗಳೊಡನೆಯೇ ಹೊರಟುಹೋಗಬೇಕಾಗಿದ್ದುದು ನ್ಯಾಯವಾಗಿ ಕಾಣುತ್ತದೆ. ಆದರೆ ಹಾಗಾಗಲಿಲ್ಲ. ಕೋಟೆಗಳು ಬಿದ್ದ ಮೇಲೆ, ಪಾದ್ರಿಗಳಿಲ್ಲದೆ ಅನಾಥವಾಗಿದ್ದ ಕನ್ನಡ ಕರಾವಳಿಯ ಕ್ರೈಸ್ತ ಜನರ ಬಳಿಗೆ ಈ ನೆಲದ ಭಾಷೆಯನ್ನೇ ಆಡುತ್ತಿದ್ದ, ಬರಿಗಾಲಿನ ಒಬ್ಬ ಗುರು ನಡೆದು ಬಂದರು. ಅವರ ಹೆಸರು ಜೋಸೆಫ್ ವಾಜ್.

ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ, ಜನಿಸಿದರು. ತಂದೆಯ ಊರು ಸಾಂಕವಾಳ. ಕೊಂಕಣಿಯನ್ನಾಡುವ ಸಾರಸ್ವತ ಬ್ರಾಹ್ಮಣ ಮೂಲದ ಮನೆತನ. 1676ರಲ್ಲಿ ಗುರುದೀಕ್ಷೆಯನ್ನು ಪಡೆದು, ಸಾಂಕವಾಳದಲ್ಲಿ ಹುಡುಗರಿಗೆ ಲ್ಯಾಟಿನ್ ಪಾಠ ಹೇಳುತ್ತ, ಉತ್ತಮ ಪ್ರವಚನಕಾರರೆಂದೂ ಜನರ ಕುಮ್ಸಾರನ್ನು, ಎಂದರೆ ಪಾಪನಿವೇದನೆಯನ್ನು, ಸಹನೆಯಿಂದ ಆಲಿಸುವವರೆಂದೂ ಹೆಸರಾಗಿದ್ದ ಇವರನ್ನು 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಕೆನರಾ ಸೀಮೆಯ ಮುಖ್ಯಗುರುವನ್ನಾಗಿ ನಿಯಮಿಸಿ ಕಳುಹಿದರು. ಆಗ ಮಿರ್ಜಾನಿನಿಂದ ದಕ್ಷಿಣಕ್ಕೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ರಾಜ್ಯ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದವಳೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಚೆನ್ನಮ್ಮಾಜಿಯೇ 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನು, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅನುಮತಿಯನ್ನಿತ್ತಳೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವೀರಶೈವ ರಾಣಿಯೊಬ್ಬಳ ಈ ಔದಾರ್ಯವಿಲ್ಲದಿದ್ದರೆ ವಾಜರಿಗೆ ನಡೆಯಲು ದಾರಿಯಿದ್ದೀತು, ನಿಲ್ಲಲು ನೆಲೆಯಿರುತ್ತಿರಲಿಲ್ಲ.

ಹೊರಗಿನ ಅನುಮತಿ ದೊರೆತಿತ್ತಾದರೂ ಒಳಗಿನ ಜಗಳವೊಂದು ಅವರಿಗಾಗಿ ಕಾದಿತ್ತು. ಪೂರ್ವದೇಶಗಳ ಧರ್ಮಸಭೆಯ ಮೇಲ್ವಿಚಾರಣೆಯು ತನ್ನದೆಂದು ಪೋರ್ಚುಗಲ್ಲಿನ ಅರಸನು ಹಳೆಯ ಪಾದ್ರುವಾದೊ ಹಕ್ಕನ್ನು ಮುಂದಿಟ್ಟು ಸಾಧಿಸುತ್ತಿದ್ದನು. ಆ ಅರಸನ ಶಕ್ತಿ ಕುಂದಿದೆಯೆಂದು ಕಂಡ ರೋಮಿನ ಪ್ರೊಪಗಾಂಡಾ ಎಂಬ ಧರ್ಮಪ್ರಚಾರ ಸಂಸ್ಥೆಯು ತನ್ನದೇ ಪ್ರತಿನಿಧಿಯಾಗಿ ಗೋವೆಯವರೇ ಆದ ಬಿಷಪ್ ತೋಮಸ್ ದ ಕಾಸ್ತ್ರೊ ಅವರನ್ನು ಕೆನರಾಕ್ಕೆ ಕಳುಹಿಸಿತ್ತು. ಹೀಗಾಗಿ ಯಾವ ಪಾದ್ರಿಯು ಮಾಡಿಸಿದ ಮದುವೆ ಮದುವೆಯೆನಿಸೀತು, ಯಾರು ಕೊಟ್ಟ ಪಾಪಕ್ಷಮೆ ಸಿಂಧುವಾದೀತು ಎಂಬ ಭಯವು ಬೆಸ್ತರ ಕೇರಿಯ ಮುಗ್ಧ ಹೆಂಗಸರನ್ನೂ ಕಾಡತೊಡಗಿತು. ವಾಜರು ಗೋವೆಯ ಪಕ್ಷದಿಂದ ಬಂದವರು. ಆದರೂ ಅವರು ಬಿಷಪರನ್ನು ಗೌರವದಿಂದ ಕಂಡು, ವಾದದ ಬೆಂಕಿಗೆ ತುಪ್ಪ ಸುರಿಯದೆ, ಎರಡು ಪಕ್ಷಗಳ ಜನರ ಸೇವೆಯನ್ನೂ ಮಾಡಿದರು. ಅಧಿಕಾರವು ಯಾರದೆಂಬ ಪ್ರಶ್ನೆಗಿಂತ ಸಾಯುತ್ತಿರುವವನ ಬಳಿಗೆ ಯಾರು ಹೋಗುವರೆಂಬ ಪ್ರಶ್ನೆಯು ದೊಡ್ಡದೆಂದು ತಿಳಿದ ಗುರುಗಳು ಎಲ್ಲ ಕಾಲದಲ್ಲಿಯೂ ವಿರಳ. ಆ ವ್ಯಾಜ್ಯವಾದರೋ ಮುಂದೆ ಇನ್ನೂರು ವರ್ಷ ನಡೆದು, 1886ರ ಒಪ್ಪಂದದವರೆಗೂ ಈ ಕರಾವಳಿಯ ಊರುಗಳನ್ನು ಒಡೆಯುತ್ತಲೇ ಇತ್ತು.

1684ರವರೆಗೆ ವಾಜರು ಕೆನರಾದಲ್ಲಿದ್ದರು. ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರು, ಮುಡಿಪು ಮೊದಲಾದೆಡೆಗಳಲ್ಲಿ ಅವರ ಹೆಸರನ್ನು ಜನರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಗೋವೆಗೆ ಹಿಂದಿರುಗಿ, ಭಾರತೀಯ ಗುರುಗಳೇ ಸೇರಿ ಕಟ್ಟಿಕೊಂಡಿದ್ದ ಒರಟೋರಿಯನ್ ಮಠವನ್ನು ಸೇರಿ ಅದರ ಮುಖ್ಯಸ್ಥರಾದ ಮೇಲೂ ಅವರ ಕಾಲು ನಿಲ್ಲಲಿಲ್ಲ. ಡಚ್ಚರು ಸಿಂಹಳದಲ್ಲಿ ಕಥೋಲಿಕ ಗುರುಗಳನ್ನೆಲ್ಲ ಹೊರದೂಡಿದ್ದಾರೆಂದು ಕೇಳಿ, 1686ರಲ್ಲಿ ಜುವಾಂವ್ ಎಂಬ ಸೇವಕ ಹುಡುಗನೊಡನೆ ಮತ್ತೆ ಕೆನರಾದ ಮಾರ್ಗವಾಗಿಯೇ ದಕ್ಷಿಣಕ್ಕೆ ಹೊರಟು, ಮಲೆಯಾಳವನ್ನು ಹಾದು ತೂತ್ತುಕುಡಿಯನ್ನು ಮುಟ್ಟಿ, 1687ರಲ್ಲಿ ಕೂಲಿಯಾಳಿನ ವೇಷದಿಂದ ಸಿಂಹಳವನ್ನು ಸೇರಿದರು. ರೋಗದಿಂದ ಬಳಲುತ್ತಿದ್ದರೂ ಕೊರಳಲ್ಲಿ ಜಪಮಾಲೆಯನ್ನು ಧರಿಸಿ ಜಾಫ್ನದ ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡುತ್ತ, ಆ ಮಾಲೆಯನ್ನು ಕಂಡು ಯಾರ ಕಣ್ಣು ಅರಳುವುದೋ ಅವರೇ ಗುಪ್ತ ಕಥೋಲಿಕರೆಂದು ಗುರುತು ಹಿಡಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ 1692ರಲ್ಲಿ ಸೆರೆಯಾದ ಅವರೇ, ಸಿಡುಬಿನ ಹಾವಳಿಯೆದ್ದು ಜನರು ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದಾಗ ಆ ರೋಗಿಗಳಿಗೆ ಗುಡಿಸಲು ಕಟ್ಟಿ, ಗಾಯ ತೊಳೆದು, ಅನ್ನ ಹಾಕಿದುದನ್ನು ಕಂಡು ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರಿಯನು ಅವರಿಗೆ ಸಂಚಾರಸ್ವಾತಂತ್ರ್ಯವನ್ನು ಕೊಟ್ಟನು. ಸ್ವದೇಶಕ್ಕೆ ಅವರು ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೇಹವಿಟ್ಟರು. 1995ರಲ್ಲಿ ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಸಿಂಹಳದಲ್ಲಿ ಫಲಿಸಿದ ಈ ಸೇವಾಕ್ರಮವನ್ನು ವಾಜರು ಅಭ್ಯಾಸ ಮಾಡಿದ್ದು ನಮ್ಮ ಕರಾವಳಿಯಲ್ಲಿ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಅವರಿಗಿಂತ ಹಿಂದೆ 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಜೆಸುಯಿಟ್ ತೋಮಸ್ ಸ್ಟೀಫನ್ಸರು ಕ್ರಿಸ್ತಪುರಾಣವನ್ನು ಓವಿ ಛಂದಸ್ಸಿನಲ್ಲಿ ರಚಿಸಿ 1616ರಲ್ಲಿ ಮುದ್ರಿಸಿದ್ದರು; ವಾಜರ ತರುವಾಯ ಸಿಂಹಳಕ್ಕೆ ಹೋದ ಗೋವೆಯ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ, ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ಬರೆದರು. ಜನರ ನಡುವೆ ನಡೆದವರೇ ಜನರ ಮಾತಿನಲ್ಲಿ ಬರೆದರು.

ಆದರೆ ಪಾದ್ರಿಯು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತಿದ್ದ ಕಾಲದಲ್ಲಿ ಉಳಿದ ದಿನಗಳ ಭಾರವನ್ನು ಹೊತ್ತವರು ಯಾರು? ಇದಕ್ಕೆ ಉತ್ತರವನ್ನು ಕಾಣಬೇಕಾದರೆ ಕಾರವಾರದ ಕಡೆಯ ಕ್ರೈಸ್ತರ ಕೇರಿಯೊಂದರಲ್ಲಿ ಲದೀನ್ ಎಂಬ ಪ್ರಾರ್ಥನಾಗಾಯನ ನಡೆಯುವ ಸಂಜೆ ಹೋಗಿ ನಿಲ್ಲಬೇಕು. ದಾರಿಯ ಬದಿಯಲ್ಲಿ ಸುಣ್ಣ ಬಳಿದ ಶಿಲುಬೆ. ಅದರ ಕೊರಳಿಗೆ ಅಬ್ಬಲಿಗೆಯ ಮಾಲೆ. ಮೆಟ್ಟಿಲ ಮೇಲೆ ಸಾಲಾಗಿ ಮೇಣದ ಬತ್ತಿಗಳು. ಪಿಟೀಲಿನವನು ತಂತಿಯನ್ನು ಶ್ರುತಿಗೊಳಿಸಿ ತಲೆಯಾಡಿಸಿದೊಡನೆ ಹಿರಿಯನೊಬ್ಬನು ಮಾತೆ ಮರಿಯಳ ನಾಮಾವಳಿಯನ್ನು ಲ್ಯಾಟಿನ್ನಿನಲ್ಲಿ ಎತ್ತುತ್ತಾನೆ. ಶಾಲೆಯಲ್ಲಿ ಆ ಭಾಷೆಯ ಒಂದಕ್ಷರವನ್ನೂ ಕಲಿಯದ ಹೆಂಗಸರೂ ಮಕ್ಕಳೂ ಎರಡು ಮೂರು ಧ್ವನಿಗಳಲ್ಲಿ ಒಗ್ಗೂಡಿ ಉತ್ತರವನ್ನು ಹಾಡುತ್ತಾರೆ. ಮುಗಿದ ಮೇಲೆ ಬೇಯಿಸಿದ ಕಡಲೆಯನ್ನು ಕೊಬ್ಬರಿಯ ಚೂರಿನೊಡನೆ ಬೊಗಸೆಗೆ ಹಾಕುತ್ತಾರೆ. ನೆರೆಮನೆಯ ಹಿಂದೂ ಹೆಣ್ಣುಮಗಳು ತನ್ನದೊಂದು ಹರಕೆಯ ಬತ್ತಿಯನ್ನು ಹಚ್ಚಿ, ಕೈಮುಗಿದು, ತನ್ನ ಪಾಲಿನ ಕಡಲೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಇದಕ್ಕೆ ಪಾದ್ರಿ ಬೇಕಿಲ್ಲ. ಪಾದ್ರಿಯು ಹೊಳೆಯ ಆಚೆ ದಂಡೆಯಲ್ಲಿ ಸಿಕ್ಕಿಬಿದ್ದಿದ್ದ ತಿಂಗಳುಗಳಲ್ಲಿ ಈ ಜನರನ್ನು ಕ್ರೈಸ್ತರನ್ನಾಗಿ ಉಳಿಸಿದ್ದು ಮನೆಯ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆಯೂ ಶಿಲುಬೆಯ ಬುಡದ ಈ ಲದೀನೂ ಎಂದು ನಾನು ನಂಬುತ್ತೇನೆ.

ಜನರೂ ಸಂಚಾರಿಗಳೇ ಆಗಿದ್ದರು. ಅಂಜುದೀವಿನಲ್ಲಿ ಬ್ರೋತಸ್ ಮಾತೆಯ ಇಗರ್ಜಿಯಿದೆ. ಫೆಬ್ರವರಿ 2ರಂದು ಆ ಮಾತೆಯ ಫೆಸ್ತು ಎಂದರೆ ಹಬ್ಬ, ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸರ ಫೆಸ್ತು. ಆ ದಿನಗಳಲ್ಲಿ ಗೋವೆಯ ಕಡೆಯಿಂದಲೂ ಕಾರವಾರದ ಕಡೆಯಿಂದಲೂ ದೋಣಿಗಳು ದ್ವೀಪಕ್ಕೆ ಹೋಗುತ್ತಿದ್ದವು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ವೇಳೆ ಈ ದ್ವೀಪದಲ್ಲಿ ನಮ್ಮ ನೌಕಾದಳದ ಏಳು ಮಂದಿ ವೀರರು ಪ್ರಾಣವಿತ್ತರು. ತರುವಾಯ ಸೀಬರ್ಡ್ ಯೋಜನೆಗಾಗಿ ದ್ವೀಪವು ನೌಕಾನೆಲೆಗೆ ಸೇರಿ, ಯಾತ್ರೆಯು ನಿಂತುಹೋಯಿತು. ಅದೇ ಯೋಜನೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಎಷ್ಟೋ ಕುಟುಂಬಗಳು, ಎಲ್ಲ ಮತಗಳವರೂ, ಮನೆಯನ್ನೂ ತೋಟವನ್ನೂ ಬಿಟ್ಟು ನಿರಾಶ್ರಿತರಾದರು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೂ ವರ್ಷಕ್ಕೊಂದು ದಿನ, ಹೆಸರು ಬರೆಯಿಸಿಕೊಂಡ ಕೆಲವೇ ಭಕ್ತರನ್ನು ಕಾವಲಿನಲ್ಲಿಯೇ ಕರೆದೊಯ್ದು ಪೂಜೆಗೆ ಅವಕಾಶ ಕೊಡುವುದರಿಂದ ರಕ್ಷಣೆಗೆ ಕೊರತೆಯಾಗದೆಂದು ತೋರುತ್ತದೆ.

ವಾಜರ ದಾರಿಯನ್ನು ಹಿಡಿದವರು ಬೇರೆಯವರೂ ಇದ್ದರು. ಕಾರವಾರಕ್ಕೆ ದೂರವಲ್ಲದ ಕಾಣಕೋಣದ ಆಗೊಂದದಲ್ಲಿ 1887ರಲ್ಲಿ ಸ್ಥಾಪನೆಯಾಗಿ ಪಿಲಾರಿನಲ್ಲಿ ನೆಲೆಸಿದ ಮಿಶನರಿ ಸಂಘದ ಆಗ್ನೆಲೊ ದ ಸೋಜರು ಕುಮಟೆಯಲ್ಲಿ ಸೇವೆ ಮಾಡಿ, 1927ರ ನವೆಂಬರಿನಲ್ಲಿ ರಾಚೋಲಿನ ಪ್ರವಚನ ಪೀಠದ ಮೇಲೆಯೇ ಕುಸಿದು ಮರುದಿನ ತೀರಿಕೊಂಡರು. ಈ ಸೀಮೆಯ ಇಗರ್ಜಿಗಳು ಗೋವೆಯ ಅಧೀನದಿಂದ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಬಂದವು. 1976ರ ಜನವರಿ 24ರಂದು ಕಾರವಾರವೇ ಸ್ವತಂತ್ರ ಧರ್ಮಪ್ರಾಂತ್ಯವಾಯಿತು. ಆ ನಡುವೆ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜೆಯನ್ನು ಜನರ ಭಾಷೆಯಲ್ಲಿ ನಡೆಸಲು ಬಾಗಿಲು ತೆರೆಯಿತು. ಪೀಠಕ್ಕೆ ಮುಖಮಾಡಿ ಲ್ಯಾಟಿನ್ನಿನಲ್ಲಿ ಮಂತ್ರ ಹೇಳುತ್ತಿದ್ದ ಗುರುಗಳ ಗಾಂಭೀರ್ಯವನ್ನು ನೆನೆದು ನಿಟ್ಟುಸಿರಿಡುವ ಹಿರಿಯರಿದ್ದಾರೆ. ಅವರ ದುಃಖವನ್ನು ನಾನು ಹಗುರವಾಗಿ ಎಣಿಸಲಾರೆ. ಆದರೆ ಕೊಂಕಣಿಯಲ್ಲಿ ಪ್ರವಚನ ಮಾಡಿದ ವಾಜರ ಪರಂಪರೆಯ ಜನರಿಗೆ ಪೂಜೆಯೂ ಕೊಂಕಣಿಯಲ್ಲಿ ದೊರೆತುದು ತಡವಾಗಿಯಾದರೂ ಸಂದ ನ್ಯಾಯವೇ ಸರಿ. ಹಳೆಯದರಲ್ಲಿ ಉಳಿಸಿಕೊಳ್ಳಲೇಬೇಕಾದುದು ಲದೀನಿನ ರಾಗಗಳು. ಅವನ್ನು ಬಲ್ಲ ಪಿಟೀಲಿನವರು ವೃದ್ಧರಾಗುತ್ತಿದ್ದಾರೆ, ಅವರ ಮಕ್ಕಳು ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ದುಡಿಯುತ್ತಿದ್ದಾರೆ.

ಈಗಿನ ಗುರುಗಳಿಗೆ ವಾಹನವಿದೆ. ಒಂದೇ ಭಾನುವಾರದಲ್ಲಿ ಎರಡು ಮೂರು ಊರುಗಳ ಮೀಸ್ ಪೂಜೆಯನ್ನು ಮುಗಿಸುವ ಅನಿವಾರ್ಯತೆಯೂ ಇದೆ. ಅವರನ್ನು ದೂರುವುದು ಅನ್ಯಾಯ. ಆದರೆ ಮೋಟಾರಿನಲ್ಲಿ ಬರುವವನು ಇಗರ್ಜಿಯ ಅಂಗಳಕ್ಕೆ ಬರುತ್ತಾನೆ, ನಡೆದು ಬರುವವನು ಮನೆಯ ಜಗಲಿಗೆ ಬರುತ್ತಾನೆ. ಜಗಲಿಯಲ್ಲಿ ಕುಳಿತು ಒಂದು ಲೋಟ ಪೇಜ್ ಗಂಜಿ ಕುಡಿದು ಹೋಗುವವನಿಗೆ ಮಾತ್ರ ಆ ಮನೆಯ ಸಾಲ, ಕುಡಿತ, ಮಗಳ ಮದುವೆಯ ಚಿಂತೆ ತಿಳಿಯುತ್ತದೆ. ಆದುದರಿಂದ ಕಾರವಾರ ಧರ್ಮಪ್ರಾಂತ್ಯದ ತರುಣ ಗುರುಗಳಲ್ಲಿ ನನ್ನದೊಂದು ವಿನಂತಿ: ಸಂತ ಜೋಸೆಫ್ ವಾಜರ ಸ್ಮರಣೆಯ ದಿನವಾದ ಜನವರಿ 16ರ ಸುಮಾರಿಗೆ, ಕಾಳಿಯ ದಂಡೆಯಿಂದ ಹೊರಟು ಅಂಕೋಲೆಯವರೆಗೆ ಕಾಲ್ನಡೆಯಲ್ಲಿ ಬನ್ನಿ, ದಾರಿಯ ಶಿಲುಬೆಗಳ ಬಳಿ ಲದೀನ್ ಹಾಡಿಸಿರಿ, ಹಾಡುವ ಹಿರಿಯರ ಧ್ವನಿಯನ್ನು ಮುದ್ರಿಸಿಕೊಳ್ಳಿರಿ, ರಾತ್ರಿ ಯಾವುದಾದರೂ ಮನೆಯ ಜಗಲಿಯಲ್ಲಿ ತಂಗಿರಿ. ಆ ತಿಂಗಳಲ್ಲಿ ಮಳೆಯಿಲ್ಲ, ಬಿಸಿಲೂ ಹಿತವಾಗಿರುತ್ತದೆ. ನಿಧಾನವಾಗಿ ನಡೆದರೂ ದಾರಿ ಎರಡು ದಿನದ್ದು.