ಲಾಲ್‌ಬಾಗಿನಲ್ಲಿ ನಮ್ಮ ಕಾನಿನ ಮರಗಳು

ಲಾಲ್‌ಬಾಗಿಗೆ ನಾಲ್ಕು ದಿಕ್ಕಿನಿಂದಲೂ ಬಾಗಿಲುಗಳಿವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವವರಿಗೆ ಪಶ್ಚಿಮದ ಬಾಗಿಲು ಅನುಕೂಲ. ತಾಳಗುಪ್ಪದ ರಾತ್ರಿ ರೈಲಾಗಲಿ, ತೀರ್ಥಹಳ್ಳಿಯ ರಾತ್ರಿ ಬಸ್ಸಾಗಲಿ, ಬೆಳಕು ಹರಿಯುವ ಹೊತ್ತಿಗೆ ಮೆಜೆಸ್ಟಿಕ್ಕಿಗೆ ತಂದುಬಿಡುತ್ತವೆ. ಅಲ್ಲಿಂದ ಮೆಟ್ರೊದ ಹಸಿರು ಮಾರ್ಗ ಹಿಡಿದರೆ ಲಾಲ್‌ಬಾಗ್ ನಿಲ್ದಾಣ, ಇಳಿದರೆ ಕೂಗಳತೆಯಲ್ಲೇ ತೋಟ. ಬೆಳಗಿನ ಆರಕ್ಕೆಲ್ಲ ಬಾಗಿಲು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಸಿಗುವುದು ತರಗೆಲೆಯ ವಾಸನೆ. ನಮ್ಮ ಸೊಪ್ಪಿನ ಬೆಟ್ಟದ್ದೇ ವಾಸನೆ. 240 ಎಕರೆ ಮರಗಿಡ ಒಂದೇ ಕಡೆ ಉಸಿರಾಡುತ್ತಿದ್ದರೆ ಬೆಂಗಳೂರಿನ ನಡುವಿನಲ್ಲೂ ಗಾಳಿಗೆ ಒದ್ದೆ ಬರುತ್ತದೆ.

ನನ್ನ ಜೊತೆ ಚಿಕ್ಕಮ್ಮ ಇದ್ದರು. ಹೊಸನಗರ ತಾಲ್ಲೂಕಿನ ನಗರ ಸೀಮೆಯವರು, ಈಗ ಜಯನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಹೂವಿನ ಪಾತಿಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಸ್ವಲ್ಪ ದೂರ ನಡೆದು ಒಂದು ಮರದಡಿ ನಿಂತರು, ಬಗ್ಗಿ ನೆಲದಿಂದ ಏನನ್ನೋ ಆರಿಸಿ ನನ್ನ ಅಂಗೈಗೆ ಹಾಕಿದರು. ಕಾಲುಬೆರಳ ಉಗುರಿನಷ್ಟು ಚಿಕ್ಕ, ಚಕ್ರದಂಥ ಹೂವು, ನಡುವೆ ತೂತು.

"ಇದು ನಮ್ಮ ರೆಂಜೆ ಅಲ್ದನಾ?"

ರೆಂಜೆಯೇ. ಕಾಂಡಕ್ಕೆ ಬಡಿದ ಫಲಕದಲ್ಲಿ ಅದರ ಲ್ಯಾಟಿನ್ ಹೆಸರು ಇತ್ತು. ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೂ ಪರಿಮಳ ಬಿಡದ ಹೂವು ಅದು. ಊರಿನಲ್ಲಿ ಬಾಳೆನಾರಿಗೆ ಪೋಣಿಸಿ ದೇವರಿಗೆ ಹಾಕುತ್ತಿದ್ದೆವು. ಆ ಕ್ಷಣದಿಂದ ನಮ್ಮ ನಡಿಗೆಯ ಕ್ರಮವೇ ಬದಲಾಯಿತು. ನೋಡಲೇಬೇಕಾದ ಸ್ಥಳಗಳ ಪಟ್ಟಿ ಹಿಂದೆ ಸರಿಯಿತು. ನಮ್ಮ ಕಡೆಯ ಮರಗಳು ಇಲ್ಲಿ ಹೇಗಿವೆ, ಹೊರಗಿನಿಂದ ಬಂದವು ಹೇಗಿವೆ ಎಂದು ನೋಡುತ್ತ ಹೋದೆವು. ಲಾಲ್‌ಬಾಗನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂದು ನನಗೆ ಅನ್ನಿಸಿದೆ.

ಹೊರಗಿನಿಂದ ಬಂದವುಗಳಲ್ಲಿ ದೊಡ್ಡಣ್ಣ ಬಿಳಿಬೂರುಗ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಅಮೆರಿಕದ ಉಷ್ಣವಲಯದ ಈ ಮರಕ್ಕೆ ಇಲ್ಲಿ 200 ವರ್ಷ ದಾಟಿದೆ ಎನ್ನುತ್ತಾರೆ. ಬುಡದಿಂದ ಹೊರಟ ಹಲಗೆಬೇರುಗಳು ಗೋಡೆ ಗೋಡೆಯಾಗಿ ಹಬ್ಬಿ ನಿಂತಿವೆ. ಎರಡು ಬೇರುಗಳ ನಡುವಿನ ಸಂದಿನಲ್ಲಿ ಆಳು ನಿಂತರೆ ಮರೆಯಾಗಿಬಿಡಬಹುದು. ತೊಗಟೆಯ ಬಣ್ಣ ಬೂದಿ, ಅಲ್ಲಲ್ಲಿ ಹಸಿರು ಪಾಚಿ. ಕತ್ತೆತ್ತಿದರೆ ಮೊದಲ ಕೊಂಬೆ ಸಿಗುವಷ್ಟರಲ್ಲಿ ಕುತ್ತಿಗೆ ನೋಯುತ್ತದೆ. ನಮ್ಮ ಕಾನುಗಳಲ್ಲೂ ಹಲಗೆಬೇರಿನ ಮರಗಳಿವೆ. ಮಳೆಯಲ್ಲಿ ಮೇಲ್ಮಣ್ಣು ತೆಳುವಾದ ಕಡೆ, ಬೇರು ಆಳಕ್ಕೆ ಇಳಿಯಲಾಗದ ಕಡೆ, ಮರ ಹೀಗೆ ಬದಿಗೆ ಹಲಗೆ ಚಾಚಿ ತನ್ನ ಭಾರ ಹೊರುತ್ತದೆ. ಜೋಗದ ದಾರಿಯಲ್ಲಿ ಮಾವಿನಗುಂಡಿ ದಾಟಿ ಕತ್ತಲೆಕಾನಿಗೆ ಇಳಿದವರಿಗೆ ಈ ನೋಟ ಹೊಸದಲ್ಲ. ಆದರೆ ಅಲ್ಲಿ ಮಬ್ಬುಗತ್ತಲು, ಉಂಬಳದ ಕಾಟ, ಮರವನ್ನು ಸುತ್ತು ಹಾಕಿ ನೋಡುವ ಪುರಸೊತ್ತು ಇರುವುದಿಲ್ಲ. ಇಲ್ಲಿ ಬೆಳಕಿನಲ್ಲಿ, ನಾಲ್ಕೂ ಕಡೆಯಿಂದ, ಸಾವಕಾಶವಾಗಿ ನೋಡಬಹುದು. ಸಸ್ಯೋದ್ಯಾನ ಇರುವುದೇ ಇದಕ್ಕೆ.

ನಾಗಲಿಂಗದ ಮರದ ಹತ್ತಿರ ಇನ್ನಷ್ಟು ಹೊತ್ತು ಬೇಕು. ಇದು ದಕ್ಷಿಣ ಅಮೆರಿಕದ್ದು, ಆದರೆ ಇಂದು ಶಿವಾಲಯದ ಅಂಗಳದಲ್ಲಿ ಇದನ್ನು ಹೊರಗಿನದೆಂದು ಯಾರೂ ಎಣಿಸುವುದಿಲ್ಲ. ಹೂವು ಕೊಂಬೆಯ ತುದಿಯಲ್ಲಿಲ್ಲ. ಕಾಂಡದಿಂದಲೇ ಹೊರಟ ಹುರಿಯಂಥ ಗೊಂಚಲುಗಳಲ್ಲಿದೆ. ಬಿದ್ದ ಹೂವೊಂದನ್ನು ಕೈಯಲ್ಲಿ ಹಿಡಿದು ನೋಡಿದೆ: ಆರು ದಪ್ಪ ಎಸಳು, ಹೊರಗೆ ಹಳದಿ ಛಾಯೆ, ಒಳಗೆ ಕೆಂಪು. ನಡುವೆ ಕೇಸರಗಳ ಒಂದು ಗುಂಪು ಉಂಗುರವಾಗಿ ಕೂತಿದೆ, ಇನ್ನೊಂದು ಗುಂಪು ಹೆಡೆಯಾಗಿ ಅದರ ಮೇಲೆ ಬಾಗಿದೆ. ಜೇನುಹುಳು ಆ ಹೆಡೆಯ ಕೆಳಗೆ ನುಗ್ಗಲೇಬೇಕು, ನುಗ್ಗಿದಾಗ ಬೆನ್ನಿಗೆ ಪರಾಗ ಹತ್ತುತ್ತದೆ. ಪರಿಮಳ ಗಾಢ, ಬಹಳ ಹೊತ್ತು ಕೈಯಲ್ಲೇ ಉಳಿಯಿತು. ಕಾಯಿ ಮಾತ್ರ ತಲೆಗಾತ್ರದ ಕಂದು ಗುಂಡು, ಒಡೆದರೆ ದುರ್ನಾತ. ಕಾಯಿಬಿಟ್ಟ ಮರದ ನೇರ ಕೆಳಗೆ ನಿಲ್ಲದಿರುವುದು ಕ್ಷೇಮ.

ಈ ತೋಟವನ್ನು 1760ರಲ್ಲಿ ಶುರುಮಾಡಿದ್ದು ಹೈದರಾಲಿ, ಬೆಳೆಸಿದ್ದು ಟಿಪ್ಪು. ದೂರದ ನಾಡುಗಳಿಂದ ಬೀಜ, ಸಸಿ ತರಿಸುವ ರೂಢಿ ಆಗಲೇ ಬಿತ್ತು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಎರಡು ವರ್ಷದ ಮೇಲೆ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಮೇಲ್ವಿಚಾರಕರಾಗಿ ಬಂದರು. ಅವರ ನಂತರ 1874ರಲ್ಲಿ ಬಂದ ಜಾನ್ ಕ್ಯಾಮರನ್ ಮೂವತ್ತು ವರ್ಷಕ್ಕೂ ಮೇಲೆ ಇಲ್ಲೇ ಇದ್ದರು. ಮಲೆನಾಡಿನ ಅಡುಗೆಮನೆಗೆ ಕ್ಯಾಮರನ್ನರ ಋಣವಿದೆ. ಮೆಕ್ಸಿಕೊ ಮೂಲದ ಸೀಮೆಬದನೆಯನ್ನು ಇಲ್ಲಿ ಬೆಳೆಸಿ ಜನರಿಗೆ ಹಂಚಿದವರು ಅವರು. ಇಂದು ನಮ್ಮ ಹಿತ್ತಿಲ ಚಪ್ಪರಗಳಲ್ಲಿ ಸೀಮೆಬದನೆ ತಾನೇ ತಾನಾಗಿ ಹಬ್ಬಿದೆ, ಸಾಸಿವೆಗೂ ಪಲ್ಯಕ್ಕೂ ಒದಗುತ್ತದೆ. ನಮ್ಮೂರ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಗೆ ಆಸರೆಯಾದ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಬೇಲಿಸಾಲಿನ ಗ್ಲಿರಿಸಿಡಿಯಾ ಮಧ್ಯ ಅಮೆರಿಕದ್ದು. ಗಿಡಗಳು ಹೀಗೆ ಸೀಮೆ ದಾಟಿ ಬಂದು ಊರಿನವೇ ಆಗಿವೆ, ಅಂಥ ದಾಟುವಿಕೆಗೆ ಇಂಥ ತೋಟಗಳೇ ಕಡವು.

ಆದರೆ ನನಗೆ ಕ್ಯಾಮರನ್ ಇನ್ನೊಂದು ಕಾರಣಕ್ಕೆ ಮುಖ್ಯ. ಹೊರಗಿನ ಗಿಡ ತರಿಸುವುದರ ಜೊತೆಗೆ ಅವರು ಮೈಸೂರು ಮತ್ತು ಕೊಡಗಿನ ಕಾಡುಮರಗಳ ಬಗ್ಗೆ ಒಂದು ಪುಸ್ತಕವನ್ನೇ ಮಾಡಿದರು, ಅದರ ಮೂರನೆಯ ಆವೃತ್ತಿ 1894ರದು. ನಮ್ಮ ಘಟ್ಟದ ಮರಗಳನ್ನು ಕೂತು ಬರೆದಿಡಬೇಕೆಂದು ತೋಟದ ಮೇಲ್ವಿಚಾರಕರೊಬ್ಬರಿಗೆ ಆ ಕಾಲಕ್ಕೇ ಅನ್ನಿಸಿತ್ತು. ಗಿಡಗಳ ಚಿತ್ರ ಬರೆಯಲು ಚೆಲುವಯ್ಯ ರಾಜು ಎಂಬ ಕಲಾವಿದರೂ ಇಲ್ಲಿದ್ದರು. ಎಲೆ, ಹೂವು, ಬೀಜ ಒಂದೊಂದನ್ನೂ ತದ್ವತ್ ಬಿಡಿಸಿದ ಅವರ ಚಿತ್ರಗಳು ಲಾಲ್‌ಬಾಗಿನ ಆಸ್ತಿ. ಗಾಜಿನ ಮನೆಯ ಮುಂದೆ ಚಿತ್ರ ತೆಗೆಸಿಕೊಳ್ಳುವವರಲ್ಲಿ ಈ ಹೆಸರು ಕೇಳಿದವರು ಹತ್ತರಲ್ಲಿ ಒಬ್ಬರೂ ಇರಲಾರರು. ಇದು ನನಗೆ ನಿಜವಾಗಿ ಬೇಸರದ ಸಂಗತಿ.

ಗಾಜಿನ ಮನೆ ಕಟ್ಟಿಸಿದ್ದೂ ಕ್ಯಾಮರನ್ನರ ಕಾಲದಲ್ಲೇ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ, ಎರಕದ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದದ್ದು. ಇಷ್ಟು ಎಲ್ಲರಿಗೂ ಗೊತ್ತು. ಶಿವಮೊಗ್ಗ ಜಿಲ್ಲೆಯವರು ತಿಳಿಯಬೇಕಾದದ್ದು ಮುಂದಿನದು. 1935ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಗಾಜಿನ ಮನೆಯ ಪೂರ್ವದ ಭಾಗವನ್ನು ವಿಸ್ತರಿಸಿದರು. ಅದಕ್ಕೆ ಕಬ್ಬಿಣ ಒದಗಿಸಿದ್ದು ನಮ್ಮ ಭದ್ರಾವತಿಯ ಕಾರ್ಖಾನೆ. 1923ರಲ್ಲಿ ಕುಲುಮೆ ಹೊತ್ತಿಸಿದ ಆ ಕಾರ್ಖಾನೆ ಆಗ ಕಲ್ಲಿದ್ದಲಿನಿಂದ ನಡೆಯುತ್ತಿರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯದು, ಬೆಂಕಿ ಸುತ್ತಲಿನ ಕಾಡು ಕಡಿದು ಸುಟ್ಟ ಇದ್ದಿಲಿನದು. ಪೂರ್ವದ ತೋಳಿನ ಕಂಬವೊಂದಕ್ಕೆ ಕೈಯಿಟ್ಟು ನಿಂತಾಗ ನನಗೆ ಅದೇ ನೆನಪಾಯಿತು. ಹೂವು ತೋರಿಸಲು ಕಟ್ಟಿದ ಈ ಮನೆಯ ಒಂದು ಪಾಲು ಮಲೆನಾಡಿನ ಮರಗಳ ಬೂದಿಯಿಂದ ಎದ್ದದ್ದು. ಬಣ್ಣ ಬಳಿದ ಕಂಬ ತಣ್ಣಗಿತ್ತು. ಚಿಕ್ಕಮ್ಮನಿಗೆ ಹೇಳಿದೆ, ಅವರು ಕಂಬದ ಬುಡದಿಂದ ಮಾಡಿನವರೆಗೂ ಒಮ್ಮೆ ಕಣ್ಣಾಡಿಸಿ ಸುಮ್ಮನಾದರು.

ಇದೇ ಮನೆಯೊಳಗೆ 2017ರ ಆಗಸ್ಟ್ ಫಲಪುಷ್ಪ ಪ್ರದರ್ಶನದಲ್ಲಿ ತೀರ್ಥಹಳ್ಳಿ ತಾಲ್ಲೂಕು ಬಂದು ಕೂತಿತ್ತು. ಕುವೆಂಪು ಅವರ ಕುಪ್ಪಳಿಯ ಮನೆಯನ್ನು ಹೂವಿನಲ್ಲಿ ಕಟ್ಟಿದ್ದರು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದ ಹೊತ್ತಿನ ಈ ಪ್ರದರ್ಶನಗಳಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಸಂಭ್ರಮ ಬೇಕು ಎನ್ನುವವರು ಆಗ ಬರಲಿ. ಮರ ನೋಡುವ ಮನಸ್ಸಿದ್ದವರು ಆ ವಾರಗಳನ್ನು ಬಿಟ್ಟು ಬರುವುದೇ ಸರಿ.

ಗಾಜಿನ ಮನೆಯ ಆಸುಪಾಸಿನಲ್ಲಿ ದೀಪಸ್ತಂಭದ ಹಾಗೆ ಎದ್ದ ಅರಾಕೇರಿಯಾಗಳಿವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಜಾತಿ. ಈ ಜಾತಿಯ ಮರಗಳು ಲೋಕದಲ್ಲಿ ಎಲ್ಲಿ ನೆಟ್ಟರೂ ಭೂಮಧ್ಯರೇಖೆಯ ಕಡೆಗೆ ವಾಲಿ ಬೆಳೆಯುತ್ತವೆಂದು ಸಸ್ಯವಿಜ್ಞಾನಿಗಳು 2017ರಲ್ಲಿ ಅಳೆದು ತೋರಿಸಿದರು. ಉತ್ತರಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ಉತ್ತರಕ್ಕೆ. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಮಕ್ಕಳಿಗೆ ದಿಕ್ಕು ಕಲಿಸಲು ಒಳ್ಳೆಯ ನೆಪ.

ಪೂರ್ವದ ಬಂಡೆಗೆ ಬಿಸಿಲೇರುವ ಮೊದಲೇ ಹತ್ತಬೇಕು. ಮೇಲೆ ಕೆಂಪೇಗೌಡರ ಗೋಪುರ, ಬದಿಯಲ್ಲಿ ಭೂವಿಜ್ಞಾನ ಇಲಾಖೆಯವರ ಫಲಕ: ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ 1916ರಲ್ಲಿ ಈ ಬಗೆಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಕುಕ್ಕರಗಾಲಲ್ಲಿ ಕೂತು ಹತ್ತಿರದಿಂದ ನೋಡಿದರೆ ಬಿಳಿಚು ಪಟ್ಟಿ, ಕರಿಪಟ್ಟಿ ಒಂದರೊಳಗೊಂದು ಮಡಚಿಕೊಂಡು ಹರಿದಿರುವುದು ಕಾಣುತ್ತದೆ. ಕಲ್ಲು ಒಂದಾನೊಂದು ಕಾಲಕ್ಕೆ ಬಿಸಿಗೂ ಒತ್ತಡಕ್ಕೂ ಬಾಗಿದ ಗುರುತು ಅದು. ಜಂಬಿಟ್ಟಿಗೆಯ ನೆಲದಲ್ಲಿ ಬೆಳೆದ ನಮ್ಮಂಥವರಿಗೆ ಇಷ್ಟು ಬೋಳಾದ ಬಂಡೆ ಅಪರೂಪ. ಗೋಪುರದ ಬಳಿ ನಿಂತರೆ ಸುತ್ತ ಕಟ್ಟಡಗಳು; ಕಾಲಬುಡದಲ್ಲಿ ಮಾತ್ರ ಮರಗಳ ನೆತ್ತಿ.

ಬಂಡೆ ಇಳಿದು ಕೆರೆಯ ಏರಿಯವರೆಗೆ ನಡೆದೆವು. ದಾರಿಯಲ್ಲಿ ಬಗನಿ ಸಿಕ್ಕಿತು, ಸಂಪಿಗೆ, ನಾಗಸಂಪಿಗೆ, ಹಲಸು, ಸೀತಾ ಅಶೋಕ ಸಿಕ್ಕವು. ಒಬ್ಬ ಮಾಲಿ ತರಗು ಗುಡಿಸುತ್ತಿದ್ದರು. ಚಿಕ್ಕಮ್ಮ ನಿಂತು, "ತಮ್ಮಾ, ಅಪ್ಪೆ ಮಾವಿನ ಮರ ಇಲ್ಲೆಲ್ಲಾದ್ರೂ ಇದ್ಯಾ?" ಎಂದು ಕೇಳಿದರು.

"ಯಾವೂರಮ್ಮ ತಾವು?"

"ಹೊಸನಗರದ ಕಡೆ."

"ಉಪ್ಪಿನಕಾಯಿಗೆ ಹಾಕ್ತಾರಲ್ಲ, ಆ ಮಿಡಿನಾ? ನಾನಂತೂ ಇಲ್ಲಿ ನೋಡಿಲ್ಲಮ್ಮ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಅಪ್ಪೆ ಹೊಳೆದಂಡೆಯ ಮರ. ಸೊನೆಯ ಘಮದಲ್ಲಿ ಒಂದು ಮರದಂತೆ ಇನ್ನೊಂದಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ, ಜೀರಿಗೆಮಿಡಿ ಎಂದು ಒಂದೊಂದಕ್ಕೂ ಹೆಸರಿದೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮೂಲ ಮರಗಳು ಮಾತ್ರ ದೊಡ್ಡ ಮಳೆಗೊಂದು, ಮಿಡಿಯ ಆಸೆಗೆ ಕೊಂಬೆ ಕಡಿಯುವವರ ಕತ್ತಿಗೊಂದು ಎಂದು ಉರುಳುತ್ತಿವೆ. ಕಸಿ ಕಟ್ಟಿ ಉಳಿಸಿದವರು ಸಾಗರ, ಹೊಸನಗರ, ಸಿರ್ಸಿ ಕಡೆಯ ರೈತರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ಮುಳುಗಿದ ಹೊಳೆಸಾಲಿನಲ್ಲಿ ಎಂತೆಂಥ ಮಿಡಿಯ ಮರಗಳಿದ್ದವೋ, ಪಟ್ಟಿ ಮಾಡಿದವರಿಲ್ಲ.

ಮರಕ್ಕೆ ಫಲಕ ಕಟ್ಟುವುದು ಸಣ್ಣ ಕೆಲಸವೆಂದು ಈ ತೋಟ ಸುತ್ತಿದವರು ಹೇಳಲಾರರು. ಫಲಕವಿದ್ದಲ್ಲಿ ದಾರಿಹೋಕರು ನಿಂತು ಓದುತ್ತಾರೆ, ಮಗು ಕೇಳುತ್ತದೆ, ಅಜ್ಜಿ ತನಗೆ ಗೊತ್ತಿದ್ದ ಹೆಸರು ಹೇಳುತ್ತಾಳೆ. ಧೂಪ, ಸುರಗಿ, ಮುರುಗಲು, ಉಪ್ಪಾಗೆ, ವಾಟೆ, ಹೆಬ್ಬಲಸು, ರಾಮಪತ್ರೆ: ಇವು ಗೊತ್ತಿರುವುದು ಈಗ ಹೆಚ್ಚಾಗಿ ಅರವತ್ತು ದಾಟಿದವರಿಗೆ. ಎಂ.ಎಚ್. ಮರಿಗೌಡರು ತೋಟಗಾರಿಕೆ ಇಲಾಖೆ ಕಟ್ಟಿದ ಕಾಲದಲ್ಲಿ ಲಾಲ್‌ಬಾಗನ್ನು ನಡುಮನೆಯಾಗಿಟ್ಟು ರಾಜ್ಯದ ಉದ್ದಗಲಕ್ಕೂ ಸಸ್ಯಕ್ಷೇತ್ರಗಳನ್ನು ಹಬ್ಬಿಸಿದರು. ಅಂಥ ಕ್ಷೇತ್ರಗಳ ಒಂದು ಮೂಲೆಯಲ್ಲಿ, ನಮ್ಮ ಮೂರು ತಾಲ್ಲೂಕುಗಳಲ್ಲಿ ಒಂದೊಂದು ಕಡೆ, ಕಾನಿನ ಮರಗಳಿಗಾಗಿ ಐದೆಕರೆ ಎತ್ತಿಟ್ಟರೂ ಸಾಕು. ಅಡಿಕೆ, ಕಾಳುಮೆಣಸಿನ ಸಸಿ ಮಾರುವ ಕೈಯೇ ಅದನ್ನೂ ನೋಡಿಕೊಳ್ಳಬಲ್ಲದು. ಕನ್ನಡದ ಊರುಹೆಸರು ಮೇಲೆ, ಲ್ಯಾಟಿನ್ ಕೆಳಗೆ, ಎಲ್ಲಿಂದ ಬೀಜ ತಂದದ್ದೆಂಬ ಸಾಲು ಅದರ ಕೆಳಗೆ. ತೀರ್ಥಹಳ್ಳಿಯದಕ್ಕೆ ಆಗುಂಬೆ ಮಳೆಕಾಡಿನ ಮರಗಳು, ಸಾಗರದ್ದಕ್ಕೆ ಶರಾವತಿ ಕಣಿವೆಯವು, ಹೊಸನಗರದ್ದಕ್ಕೆ ಅಪ್ಪೆಮಿಡಿಗಳೇ ಒಂದು ಸಾಲು.

ಅಲ್ಲಿಯವರೆಗೆ ಡಿಸೆಂಬರಿನಲ್ಲಿ ಮಕ್ಕಳನ್ನು ಬೆಂಗಳೂರು ಪ್ರವಾಸಕ್ಕೆ ಕರೆತರುವ ನಮ್ಮ ಕಡೆಯ ಮಾಸ್ತರರಲ್ಲಿ ಒಂದು ಕೇಳಿಕೆ. ಗಾಜಿನ ಮನೆ, ಹೂವಿನ ಗಡಿಯಾರ ತೋರಿಸಿ ಅರ್ಧ ಗಂಟೆಯಲ್ಲಿ ಬಸ್ಸು ಹತ್ತಿಸಬೇಡಿ. ಬೆಳಗ್ಗೆಯೇ ಬನ್ನಿ, ಮೂರು ಗಂಟೆ ಇಟ್ಟುಕೊಳ್ಳಿ. ಬಂಡೆಯಿಂದ ಶುರುಮಾಡಿ ಗಾಜಿನ ಮನೆಯ ಪೂರ್ವದ ತೋಳಿಗೆ ಬನ್ನಿ, ಭದ್ರಾವತಿಯ ಮಾತು ಹೇಳಿ, ಬಿಳಿಬೂರುಗದ ಬುಡದಲ್ಲಿ ಕೂರಿಸಿ ಬುತ್ತಿ ಬಿಚ್ಚಿಸಿ. ಆಮೇಲೆ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಊರಿನಲ್ಲಿ ನೋಡಿದ ಮರಗಳನ್ನು ಹುಡುಕಿ ಫಲಕದ ಹೆಸರು ಬರೆದುಕೊಂಡು ಬರಲು ಕಳಿಸಿ. ರೆಂಜೆ, ಬಗನಿ, ಸಂಪಿಗೆ, ನಾಗಸಂಪಿಗೆ ಸಿಗುತ್ತವೆ. ಸಿಗದವುಗಳ ಪಟ್ಟಿಯನ್ನೂ ಮಾಡಿಸಿ, ಊರಿಗೆ ಹೋದ ಮೇಲೆ ಶಾಲೆಯ ಹಿಂದಿನ ಬೆಟ್ಟದಲ್ಲಿ ಅವನ್ನು ಹುಡುಕಲಿ.