ದಿನಕ್ಕೆ 40 ರೂಪಾಯಿಯ ಮುಪ್ಪು: ಹಾಸನದಿಂದ ಒಂದು ಸರಳ ಲೆಕ್ಕ

ಅರಕಲಗೂಡು ತಾಲ್ಲೂಕಿನ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು 66. ನಲವತ್ತು ವರ್ಷ ಬೇರೆಯವರ ಹೊಗೆಸೊಪ್ಪಿನ ಹೊಲದಲ್ಲಿ ದುಡಿದವರು. ಆ ಸೊಪ್ಪು ರಾಮನಾಥಪುರದ ಹರಾಜಿಗೆ ಹೋಯ್ತು, ಅಲ್ಲಿಂದ ಸಿಗರೇಟ್ ಕಂಪನಿಗೆ. ಅಜ್ಜಿಯ ಕೈಗೆ ಬಂದದ್ದು ದಿನಗೂಲಿ ಮಾತ್ರ. ಪಿಎಫ್ ಇಲ್ಲ, ಗ್ರ್ಯಾಚುಯಿಟಿ ಇಲ್ಲ, ಪಹಣಿಯಲ್ಲಿ ಹೆಸರೂ ಇಲ್ಲ.

ಈಗ ಅವರಿಗಿರೋದು ಸಂಧ್ಯಾ ಸುರಕ್ಷಾ ಪಿಂಚಣಿ. ತಿಂಗಳಿಗೆ 1,200 ರೂಪಾಯಿ, ಅಂದ್ರೆ ದಿನಕ್ಕೆ 40. ಹಾಸನದ ಬಸ್‌ಸ್ಟ್ಯಾಂಡ್ ಪಕ್ಕ ಒಂದು ತಿಂಡಿ, ಒಂದು ಕಾಫಿ ಅಂದ್ರೆ ಅಲ್ಲಿಗೆ ಮುಗೀತು. ಬಿಪಿ ಮಾತ್ರೆಗೆ ಬೇರೆ ದಾರಿ ನೋಡಬೇಕು.

ಈ ಯೋಜನೆ ಬಂದಿದ್ದು 2007ರಲ್ಲಿ. ಆಗ ಮೊತ್ತ 400 ರೂಪಾಯಿ. ಮುಖ್ಯಮಂತ್ರಿಯಾಗಿದ್ದವರು ಇದೇ ಜಿಲ್ಲೆಯ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ಕುಮಾರಸ್ವಾಮಿ. 1,200 ಆಗಿದ್ದು 2021ರಲ್ಲಿ, ಬಸವರಾಜ ಬೊಮ್ಮಾಯಿ ಕಾಲದಲ್ಲಿ. ಕೇಂದ್ರ ಸರ್ಕಾರದ ಕಥೆ ಇನ್ನೂ ಕಷ್ಟ: ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವರ್ಷದವರಿಗೆ ಅದರ ಪಾಲು 2007ರಿಂದಲೂ 200 ರೂಪಾಯಿಯಲ್ಲೇ ನಿಂತಿದೆ.

ಮಿತಿ ಎಂಬ ತಮಾಷೆ

ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ಹಾಕದೆ ಇರೋಕಾಗಲ್ಲ. ಈ ಪಿಂಚಣಿಗೆ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. 2025–26ಕ್ಕೆ ಕರ್ನಾಟಕದ ನರೇಗಾ ದಿನಗೂಲಿ 370. ನಮ್ಮ ಅಜ್ಜಿ ಗುದ್ದಲಿ ಹಿಡಿದು 87 ದಿನ ಕೆಲಸ ಮಾಡಿದರೆ 32,190 ಆಯ್ತು, ಮಿತಿ ದಾಟಿತು! ನರೇಗಾ ಕಾನೂನು ಆಗ ಖಾತ್ರಿ ಕೊಟ್ಟಿದ್ದ 100 ದಿನ ಪೂರ್ತಿ ದುಡಿದರೆ, ಇನ್ನೊಂದು ಕಾನೂನಿನ ಕಣ್ಣಲ್ಲಿ ಅವರು ಬಡವರೇ ಅಲ್ಲ.

ಹೀಗಾಗಿ ಪ್ರಾಮಾಣಿಕವಾಗಿ ಆದಾಯ ಹೇಳಿದವರು ಹೊರಗೆ ಉಳೀತಾರೆ. ಒಳಗಿರುವವರು ‘ಅನರ್ಹರ’ ಪರಿಶೀಲನೆ ಶುರುವಾದಾಗಲೆಲ್ಲ ಹೆದರುತ್ತಾರೆ.

ಇದನ್ನು ಇನ್ನೊಂದು ಪಿಂಚಣಿಯ ಪಕ್ಕ ಇಟ್ಟು ನೋಡಿ. ಏಳನೇ ವೇತನ ಆಯೋಗದ ನಂತರ, 2024ರಿಂದ, ರಾಜ್ಯ ಸರ್ಕಾರಿ ನಿವೃತ್ತರ ಕನಿಷ್ಠ ಪಿಂಚಣಿ 13,500 ರೂಪಾಯಿ. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತೆ. ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರ ಪಿಂಚಣಿ ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಅದು ಅವರ ಹಕ್ಕು. ಆದರೆ ಬೆಲೆ ಏರಿಕೆ ಮೇಷ್ಟ್ರ ಮನೆಗೆ ಮಾತ್ರ ಬರುತ್ತಾ?

‘ಮಕ್ಕಳು ನೋಡ್ಕೋಬೇಕು’

ಈ ಚರ್ಚೆ ಶುರುವಾದ ಕೂಡಲೇ ಯಾರಾದರೂ ಈ ಮಾತು ತೆಗೀತಾರೆ. ಸರಿ, ಅದಕ್ಕೂ ಕಾನೂನಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅವಕಾಶವಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ, 23ನೇ ಸೆಕ್ಷನ್ ಅಡಿ ರದ್ದು ಮಾಡಿಸಬಹುದು.

ಒಳ್ಳೆಯ ಕಾನೂನೇ. ಆದರೆ ದಾನಪತ್ರ ಬರೆಯೋಕೆ ಆಸ್ತಿ ಬೇಕು. ತೆಂಗಿನ ತೋಟ ಇದ್ದವರಿಗೆ ಮುಪ್ಪಲ್ಲೂ ಮಾತಿಗೆ ತೂಕ ಇರುತ್ತೆ. ನಮ್ಮ ಅಜ್ಜಿ ಏನು ಬರೆದುಕೊಡಬೇಕು? ಮಗ ಬೆಂಗಳೂರಿನ ಪೀಣ್ಯದಲ್ಲಿ ಗುತ್ತಿಗೆ ಕೆಲಸದಲ್ಲಿದ್ದರೆ, ಬಾಡಿಗೆ, ಸ್ಕೂಲ್ ಫೀಸು ಕಳೆದು ಅವನಿಗೇ ತಿಂಗಳ ಕೊನೆ ಮುಟ್ಟಲ್ಲ. ಅವನ ವಿರುದ್ಧ ಆದೇಶ ತಂದರೆ ಒಂದು ಬಡತನವನ್ನು ಇನ್ನೊಂದು ಬಡತನದ ಮೇಲೆ ಹೇರಿದಂತೆ. ಮಗ ಕೆಟ್ಟವನಲ್ಲ, ಅವನ ಸಂಬಳ ಕೆಟ್ಟದ್ದು.

ಅದಕ್ಕೇ ಮುಪ್ಪಿನ ಬಡತನ ಮುಪ್ಪಿನಲ್ಲಿ ಹುಟ್ಟಲ್ಲ ಅನ್ನೋದು. ನಲವತ್ತು ವರ್ಷ ಕಡಿಮೆ ಕೂಲಿ ಕೊಟ್ಟು, ಹೆಸರಿಗೆ ಒಂದು ಗುಂಟೆ ಜಮೀನೂ ಇಲ್ಲದಂತೆ ಮಾಡಿ, ಕೊನೆಗೆ ‘ಉಳಿಸಬೇಕಿತ್ತು’ ಅಂತ ಬುದ್ಧಿ ಹೇಳ್ತೀವಿ.

ಏನು ಕೇಳಬೇಕು?

ಎರಡೇ ಸಂಗತಿ. ಒಂದು, ಸರ್ಕಾರಿ ನಿವೃತ್ತರಿಗೆ ಇರುವಂತೆ ಈ 1,200ನ್ನೂ ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು, ಆಗ ಏರಿಕೆಗೆ ಯಾವ ಮುಖ್ಯಮಂತ್ರಿಯ ಕೃಪೆಯೂ ಬೇಕಿಲ್ಲ. ಎರಡು, ಆದಾಯ ಮಿತಿ ಕನಿಷ್ಠ ನೂರು ದಿನದ ಕೂಲಿಗಿಂತ ಮೇಲಿರಬೇಕು.

ಮುಂದಿನ ಚುನಾವಣೆಯಲ್ಲಿ ಹಾಸನದ ಎಂಟು ತಾಲ್ಲೂಕು ಸುತ್ತೋ ಅಭ್ಯರ್ಥಿಗಳು ಅಜ್ಜಿಯರ ಕಾಲಿಗೆ ಬಿದ್ದು ಫೋಟೊ ತೆಗೆಸಿಕೊಳ್ತಾರೆ. ಆಗ ಪಕ್ಕದಲ್ಲಿ ನಿಂತು 32,000ದ ಲೆಕ್ಕ ಕೇಳಿ. ಅದಕ್ಕೂ ಮೊದಲು, ಊರಿಗೆ ಹೋದಾಗ ನಿಮ್ಮ ಬೀದಿಯ ಅಜ್ಜಿಗೆ ಪಿಂಚಣಿ ಬರ್ತಿದೆಯಾ ಅಂತ ಒಮ್ಮೆ ವಿಚಾರಿಸಿ. ಹಿರಿಯರ ಸಹಾಯವಾಣಿ 14567.